ಅಂವ, ಆಕಿ, ಅದು

ಹೊಸಬರಿಗೆ ಕನ್ನಡ ಹೇಳಿಕೊಡುವುದು ನನ್ನ ಸಂಜೆಯ ಚಟ. ರಂಗಂಪೇಟೆಗೆ ವರ್ಗವಾಗಿ ಬಂದ ಬ್ಯಾಂಕಿನವರು, ನರ್ಸಮ್ಮಗಳು, ಯಾರಾದರೂ ಸರಿ. ವರ್ಣಮಾಲೆ ಆಮೇಲೆ, ಮೊದಲು ಸರ್ವನಾಮ. ಅದೂ ಪುಸ್ತಕದ ‘ಅವನು, ಅವಳು’ ಅಲ್ಲ. ಸುರಪುರದ ಸಂತೆಯಲ್ಲಿ ಕಿವಿಗೆ ಬೀಳುವ ‘ಅಂವ, ಆಕಿ’. ನಾನು, ನೀನುಗಳೂ ಇಲ್ಲಿ ಬಾಲ ಉದುರಿಸಿಕೊಂಡು ನಾ, ನೀ ಆಗಿವೆ.

ಕಲಿಯುವವರ ಮನೆಮಾತು ನೋಡಿ ಪಾಠ ತಿರುಗಿಸುವುದರಲ್ಲೇ ಮಜಾ. ತೆಲುಗಿನವರು ‘ಆಕಿ ಬಂತು’ ಎನ್ನದೆ ಬಿಡುವುದಿಲ್ಲ. ಅವರಲ್ಲಿ ಹೆಂಡತಿ ಬಂದರೂ ಬಸ್ಸು ಬಂದರೂ ‘ವಚ್ಚಿಂದಿ’. ಆದರೆ ಅವರಿಗೆ ‘ನಾವು’ ಎರಡುಂಟು: ಕೇಳುವವನೂ ಸೇರಿದರೆ ‘ಮನಮು’, ಅವನನ್ನು ಬಿಟ್ಟರೆ ‘ಮೇಮು’. ನಮ್ಮಲ್ಲಿ ‘ನಾವು ಊಟಕ್ಕ ಹೊಂಟೀವಿ’ ಅಂದರೆ ಸಾಲದು, ‘ನೀವೂ ಬರ್ರಿ’ ಅಂತ ಬೇರೆ ಕರೆಯಬೇಕು. ಉರ್ದುವಿನವರು ಗಂಡು, ಹೆಣ್ಣು, ಕುರ್ಚಿ ಎಲ್ಲವನ್ನೂ ‘ವೋ’ದಲ್ಲೇ ಮುಗಿಸುವವರು, ಅವರಿಗೆ ಅಂವ, ಆಕಿ, ಅದು ಮೂರನ್ನೂ ಬಿಡಿಸಿ ಹೇಳಬೇಕು. ‘ನಾ ಬಂದೆ’ ಎಂಬುದು ಗಂಡಿಗೂ ಹೆಣ್ಣಿಗೂ ಒಂದೇ ಎಂದಾಗ ಮಾತ್ರ ಅವರ ಮುಖ ಅರಳುತ್ತದೆ.

ಇಷ್ಟು ಕಲಿಸಿ, ಆಮೇಲೆ ಇವನ್ನು ಆದಷ್ಟು ಬಾಯಿಬಿಟ್ಟು ಹೇಳಬೇಡಿ ಎನ್ನುತ್ತೇನೆ. ‘ಬಂದೀನಿ’ಯಲ್ಲಿ ನಾ, ‘ಬಂದಾಳ’ದಲ್ಲಿ ಆಕಿ, ‘ಬರ್ರಿ’ಯ ಕೊನೆಯ ‘ರಿ’ಯಲ್ಲಿ ನೀವು ಆಗಲೇ ಕೂತಾಗಿದೆ. ತೊಟ್ಟಿಲ ಕೂಸಿಗೆ ‘ಅದು’ ಅನ್ನುತ್ತೇವೆ ಎಂದರೆ ಹೊಸಬರು ಬೆಚ್ಚುತ್ತಾರೆ. ‘ಅದಕ್ಕೇನ್ ತಿಳೀತದ, ಬಿಡ್ರಿ’ ಎನ್ನುವ ಅಜ್ಜಿಯ ದನಿ ಕೇಳಿದ ಮೇಲೆ ಸುಮ್ಮನಾಗುತ್ತಾರೆ. ನಮ್ಮ ಸೀಮೆಯ ಮುದನೂರಿನ ನೇಕಾರ ದೇವರ ದಾಸಿಮಯ್ಯನಂತೂ ಆತ್ಮಕ್ಕೆ ಗಂಡು-ಹೆಣ್ಣೆಂಬ ಭೇದವೇ ಇಲ್ಲವೆಂದ. ಅವನ ವಚನವನ್ನು ಮೊದಲ ವಾರ ನಾನು ತೆಗೆಯುವುದಿಲ್ಲ. ಅಂವ-ಆಕಿ ಬಾಯಿಗೆ ಹತ್ತುವ ಮೊದಲೇ ಅಳಿಸಿಹೋದರೆ ಕಷ್ಟ.

ಕಠಿಣವಾದದ್ದು ನೀ-ನೀವುಗಳ ಲೆಕ್ಕ. 1841ರಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನನ್ನು ಎಳೆಯ ರಾಜಾ ವೆಂಕಟಪ್ಪ ನಾಯಕ ‘ಅಪ್ಪಾ’ ಎಂದು ಕರೆಯುತ್ತಿದ್ದ. 1877ರಲ್ಲಿ ಅಚ್ಚಾದ ಟೇಲರ್‌ನ ಆತ್ಮಕಥೆಯಲ್ಲಿ ಆ ‘ಅಪ್ಪ’ ಉಳಿದಿದೆ. ಆದರೆ ಹುಡುಗ ‘ನೀ’ ಅಂದನೋ ‘ನೀವು’ ಅಂದನೋ ಎಂಬ ನನ್ನ ಪ್ರಶ್ನೆಯನ್ನು ಇಂಗ್ಲಿಷಿನ ‘ಯೂ’ ನುಂಗಿಬಿಟ್ಟಿದೆ.

ನಮ್ಮಲ್ಲಿ ಅವ್ವನಿಗೂ ದೇವರಿಗೂ ‘ನೀ’, ಅಳಿಯನಿಗೆ ‘ನೀವು’. ಇದಕ್ಕೆ ಕೋಷ್ಟಕ ಬರೆದುಕೊಡಿ ಎಂದರೆ ನಾನು ಒಲ್ಲೆ. ಬ್ಯಾಂಕಿನ ಹುಡುಗನೊಬ್ಬ ಮನೆಯ ಒಡತಿಗೆ ‘ನೀವು’ ಎಂದದ್ದಕ್ಕೆ ಆ ಮುದುಕಿ, ‘ಏ ತಮ್ಮಾ, ನೀವು ಗೀವು ಅನಬ್ಯಾಡೋ, ಯವ್ವಾ ಅನ್ನು, ನೀ ಅನ್ನು’ ಎಂದು ರೊಟ್ಟಿ ಬಡಿಸಿದಳಂತೆ. ಅದೇ ಹುರುಪಿನಲ್ಲಿ ಅಂವ ಮರುದಿನ ಮ್ಯಾನೇಜರ್ ಸಾಹೇಬರಿಗೆ, ‘ಊಟ ಆತೇನ್ ನಿಂದು?’ ಎಂದಿದ್ದಾನೆ. ಮುಂದಿನ ಪಾಠ ‘ತಾವು’.