ಅಳಿಯಂದ್ರ ಬಿಯರೂ ನಮ್ಮ ರಾಗಿ ಮಾಲ್ಟೂ

ಬಿಯರ್ ಅಂದ್ರೆ ಬಾಟ್ಲಿಲಿ ಬರೋ ಕಹಿ ನೀರು ಅಂತಷ್ಟೇ ನಮ್ಮೂರ ಹೆಂಗಸ್ರಿಗೆ ಗೊತ್ತು. ಹೋದ ವರ್ಷ ಮೊಮ್ಮಗೂನ ನೋಡ್ಕೊಳ್ಳಾಕೆ ಅಮೆರಿಕದ ಆರೆಗನ್ ರಾಜ್ಯದ ಹಿಲ್ಸ್‌ಬರೊಗೆ ಹೋಗಿದ್ನಲ್ಲ, ಅಲ್ಲಿ ನಮ್ಮ ಅಳಿಯಂದ್ರು ಮನೇಲೇ ಬಿಯರ್ ಮಾಡ್ತಾರೆ. ಅಲ್ಲಿ 1978ರಲ್ಲೇ ಕಾಯ್ದೆ ಮಾಡಿ ಮನೆಮಟ್ಟಿಗೆ ಒಪ್ಪಿಗೆ ಕೊಟ್ಟವ್ರೆ, ಮಾರಂಗಿಲ್ಲ ಅಷ್ಟೆ. ನಮ್ಮಲ್ಲಿ ಲೈಸೆನ್ಸ್ ಇಲ್ದೆ ಮಾಡಿದ್ರೆ ಅಬಕಾರಿಯೋರು ಬರ್ತಾರೆ.

ಆ ಕಡೆ ಚಳಿ ದೇಶ, ಹಾಪ್ಸ್ ಬಳ್ಳಿ ಚೆನ್ನಾಗಿ ಬರುತ್ತೆ. ಹಿತ್ತಲಲ್ಲಿ ದಾರ ಕಟ್ಟಿ ಹಬ್ಬಿಸವ್ರೆ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬಿಯರಿಗೆ ಬೇಕಾಗೋದು ಹೆಣ್ಣು ಬಳ್ಳಿ ಹೂವೇ. ಹಸಿರು ಪದರ ಪದರವಾಗಿರೋ ಹೂವು, ಬಿಡಿಸಿದ್ರೆ ಒಳಗೆ ಅರಿಶಿನದಂಥ ಪುಡಿ. ಕಹಿ, ಘಮ ಎಲ್ಲಾ ಅದ್ರಲ್ಲೇ ಇರೋದು.

ಆಗಸ್ಟ್ ಕೊನೇಲಿ ಕಿತ್ರು. ಬಿಸ್ಲಿಗೆ ಹಾಕಾಕೆ ಹೊರಟಿದ್ದೆ, ‘ಬ್ಯಾಡ ಅತ್ತೆ, ಬಿಸ್ಲಿಗೆ ಘಮ ಹೋಗುತ್ತೆ’ ಅಂದ್ರು. ನಾವು ನುಗ್ಗೆಸೊಪ್ಪು ನೆರಳಲ್ಲಿ ಒಣಗಿಸ್ತೀವಲ್ಲ, ಅಂಗೇ. ಕಿಟಕಿ ಜಾಲರಿ ಮೇಲೆ ತೆಳ್ಳಗೆ ಹರಡಿ ಫ್ಯಾನ್ ಹಾಕಿದ್ರೆ ಎರಡು ಮೂರು ದಿನಕ್ಕೆ ಒಣಗುತ್ತೆ. ಹೂವಿನ ನಡು ಕಡ್ಡಿ ಬಾಗಿದ್ರೆ ಇನ್ನೂ ಹಸಿ, ಪಟ್ ಅಂತ ಮುರಿದ್ರೆ ಸರಿ. ಒಂದು ಕೇಜಿ ಹಸಿ ಹೂವು ಒಣಗಿದ್ರೆ ಕಾಲು ಕೇಜಿನೂ ಆಗಲ್ಲ. ಗಾಳಿ ಆಡ್ದಂಗೆ ಕಟ್ಟಿ ಫ್ರೀಜರಲ್ಲಿ ಇಡ್ತಾರೆ.

ಬಿಯರಿನ ಮೂಲ ಬಾರ್ಲಿ ಮಾಲ್ಟು. ನಾನು ಮೊಮ್ಮಗೂಗೆ ಮಾಡಿದ್ದೂ ಅದೇ ಕೆಲ್ಸ: ರಾಗಿ ರಾತ್ರಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಬೀಸೋದು. ಮೊಳಕೆ ಒಡೆದ್ರೆ ಕಾಳಿನ ಹಿಟ್ಟು ಸಿಹಿ ಆಗಾಕೆ ತಯಾರಾಗುತ್ತೆ. ಅವ್ರು ಬಾರ್ಲಿ ಮಾಲ್ಟ್ ಒಡೆದು ಬಿಸಿನೀರಲ್ಲಿ ಒಂದು ಗಂಟೆ ಇಟ್ಟು, ಸೋಸಿದ ಸಿಹಿನೀರಿಗೆ ಹಾಪ್ಸ್ ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬಿಡ್ತಾರೆ. ಎರಡು ವಾರ ಹುಳಿಯುತ್ತೆ. ಒಂದೇ ಅಡುಗೆಮನೇಲಿ ಒಂದು ಮೊಳಕೆ ಕೂಸಿನ ಹೊಟ್ಟೆಗೆ, ಇನ್ನೊಂದು ಮೊಳಕೆ ಬಾಟ್ಲಿಗೆ.

ನಂಗೆ ಸಂಕಟ ಆಗಿದ್ದು ಅಲ್ಲೇ. ನಮ್ಮಪ್ಪನ ಕೂಲಿ ದುಡ್ಡೆಲ್ಲ ಪ್ಯಾಕೆಟ್ ಸಾರಾಯಿಗೆ ಹೋಗ್ತಿತ್ತು. 2007ರ ಜುಲೈಲಿ ಸರ್ಕಾರ ಸಾರಾಯಿ ನಿಲ್ಲಿಸ್ದಾಗ ಬೀದಿ ಹೆಂಗಸ್ರೆಲ್ಲ ಖುಷಿಪಟ್ರು, ನಮ್ಮಪ್ಪ ಆಗ್ಲೇ ಹೋಗ್ಬುಟ್ಟಿದ್ದ. ಅಳಿಯಂದ್ರನ್ನ ಎದುರಿಗೆ ಕೇಳಾಕಾಗುತ್ತಾ? ಮಗಳನ್ನ ಪಾತ್ರೆ ತೊಳಿಯೋವಾಗ ಕೇಳಿದೆ, ‘ಎಷ್ಟು ಕುಡೀತಾರವ್ವ?’

ಅವ್ಳು ಫ್ರಿಜ್ ಬಾಗ್ಲು ಕಡೆ ತೋರ್ಸಿದ್ಲು. ಯಾವತ್ತು ಮಾಡಿದ್ದು, ಎಷ್ಟು ಬಾಟ್ಲಿ ಆಯ್ತು, ಯಾರ ಮನೆಗೆ ಎಷ್ಟು ಕೊಟ್ರು, ಮನೇಲಿ ಎಷ್ಟು ಖರ್ಚಾಯ್ತು, ಎಲ್ಲಾ ಚೀಟೀಲಿ ಬರೆದೈತೆ. ಸಲಕ್ಕೆ 20 ಲೀಟರು, ಅರ್ಧಕ್ಕಿಂತ ಜಾಸ್ತಿ ಸ್ನೇಹಿತರಿಗೇ. ಬರೆಯೋಳು ಮಗಳು.

ನಮ್ಮವ್ವಂಗೆ ಇಂಥ ಲೆಕ್ಕ ಯಾವತ್ತೂ ಸಿಕ್ಲಿಲ್ಲ ಕಣ್ರೀ. ಕೂಲಿ ಎಷ್ಟು ಬಂತು, ಎಷ್ಟು ಕುಡಿದ ಅಂತ ಕೇಳಿದ್ರೆ ಏಟು ಬೀಳೋದು. ಕುಡಿಯೋದು ಒಳ್ಳೇದು ಅಂತ ನಾನು ಈಗ್ಲೂ ಹೇಳಲ್ಲ, ಭಯಾನೂ ಪೂರ್ತಿ ಹೋಗಿಲ್ಲ. ಆದ್ರೆ ಹೆಂಡ್ತಿ ಕೇಳಬಹುದಾದ ಮನೆ ಬೇರೆ, ಕೇಳಬಾರದ ಮನೆ ಬೇರೆ. ಮಗಳಿಗೆ ಒಂದೇ ಮಾತು ಹೇಳಿ ಬಂದೆ: ‘ಆ ಚೀಟಿ ಬರೆಯೋದು ಯಾವತ್ತು ನಿಂತೋಯ್ತೋ, ಅವತ್ತೇ ನಂಗೆ ಫೋನ್ ಮಾಡು.’