ಅಂಗೈ ಮೇಲಿನ ರೈಲುಗಾಡಿ

ಪ್ರತಿಯೊಬ್ಬ ಮನುಷ್ಯನಿಗೂ ಒಂದಲ್ಲ ಒಂದು ಹುಚ್ಚು ಇದ್ದೇ ಇರುತ್ತದೆ. ತನಗೆ ಯಾವ ಹುಚ್ಚೂ ಇಲ್ಲವೆನ್ನುವವನಿಗೆ, ಹಾಗೆಂದು ಎಲ್ಲರ ಬಳಿಯೂ ಹೇಳಿಕೊಂಡು ತಿರುಗುವ ಹುಚ್ಚು ಇರುತ್ತದೆ. ನಮ್ಮ ಅಧ್ಯಾಪಕರ ಕೊಠಡಿಯನ್ನೇ ನೋಡಿ: ಒಬ್ಬರು ಹಳೆಯ ನಾಣ್ಯಗಳನ್ನು ಕೂಡಿಹಾಕುತ್ತಾರೆ, ಮತ್ತೊಬ್ಬರು ಗುಲಾಬಿಗೆ ಗೊಬ್ಬರ ಹಾಕುವುದರಲ್ಲಿಯೇ ಭಾನುವಾರವನ್ನೆಲ್ಲ ಕಳೆಯುತ್ತಾರೆ, ಇನ್ನೊಬ್ಬರಿಗೆ ಪದಬಂಧ ತುಂಬಿಸದೆ ಕಾಫಿ ರುಚಿಸದು. ನನ್ನ ಹುಚ್ಚು ಪುಟ್ಟ ರೈಲುಗಾಡಿಗಳನ್ನು ಮಾಡಿ ಓಡಿಸುವುದು. ಮನೆಗೆ ಬಂದ ಅತಿಥಿಗಳು ಮೇಜಿನ ಮೇಲಿನ ಗಾಡಿಯನ್ನು ಕಂಡು, ‘ಮೊಮ್ಮಗನಿಗೋ?’ ಎಂದು ಕೇಳುತ್ತಾರೆ. ‘ಅಲ್ಲ, ನನಗೇ’ ಎಂದರೆ, ಒಂದು ಕ್ಷಣ ಸುಮ್ಮನಿದ್ದು ಮಳೆ ಬೆಳೆಯ ವಿಷಯ ತೆಗೆಯುತ್ತಾರೆ.

ಈ ಸಂಚಿಕೆಯ ಸಂಪಾದಕ ಸಮಿತಿಯ ವಿದ್ಯಾರ್ಥಿಗಳು ಹಾಗೆ ಮಾಡಲಿಲ್ಲ. ‘ಸಾರ್, ಅದರ ಬಗ್ಗೆಯೇ ಬರೆದುಕೊಡಿ, ನಮಗೂ ಮಾಡಲು ಬರುವ ಹಾಗೆ ಬರೆಯಿರಿ’ ಎಂದರು. ಆದುದರಿಂದ ಇಲ್ಲಿ ಹರಟೆಯ ಜೊತೆಗೆ ಕೊಂಚ ಉಪದೇಶವೂ ಬೆರೆತಿದ್ದರೆ, ತಪ್ಪು ಅವರದು.

ಮೊದಲು ಆಟಿಕೆಗೂ ಮಾದರಿಗೂ ಇರುವ ವ್ಯತ್ಯಾಸವನ್ನು ಹೇಳಬೇಕು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಚ್ಚಿದ ಮರದ ರೈಲು ಸಿಗುತ್ತದೆ. ನೋಡಲು ಬಹಳ ಚೆನ್ನ. ಅದು ಆಟಿಕೆ, ಅದರಲ್ಲಿ ಇಲ್ಲದುದನ್ನೆಲ್ಲ ಮಗುವಿನ ಕಲ್ಪನೆಯೇ ತುಂಬಿಕೊಡುತ್ತದೆ. ‘ಕೂ’ ಎಂಬ ಕೂಗನ್ನೂ ಮಗುವೇ ಒದಗಿಸುತ್ತದೆ. ಮಾದರಿಯ ಧರ್ಮ ಬೇರೆ. ಅದಕ್ಕೆ ಒಂದು ಮೂಲ ಇರಬೇಕು. ಆ ಮೂಲವನ್ನು ಬಲ್ಲವರು ನೋಡಿ, ‘ಹೌದು, ಇದೇ’ ಎನ್ನಬೇಕು.

ನಾನು ಆರಿಸಿಕೊಂಡ ಮೂಲ ನಮ್ಮ ಹಳೆಯ ಮೀಟರ್‌ಗೇಜ್. ಮೈಸೂರು ಸಂಸ್ಥಾನದ ರೈಲುದಾರಿಗಳು ಬಹುಮಟ್ಟಿಗೆ ಈ ಗೇಜಿನವೇ. ಬೆಂಗಳೂರಿನಿಂದ ಮೈಸೂರಿಗೆ ದಾರಿ ಪೂರ್ಣವಾದದ್ದು ೧೮೮೨ರಲ್ಲಿ. ಆಮೇಲೆ ಅರಸೀಕೆರೆ, ಬೀರೂರು, ಶಿವಮೊಗ್ಗ, ಹುಬ್ಬಳ್ಳಿ ಎಲ್ಲ ಕಡೆಯೂ ಇದೇ ಗಾಡಿ ಓಡಿತು. ಕಳೆದ ಶತಮಾನದ ಕೊನೆಯ ದಶಕಗಳಿಂದ ಈ ದಾರಿಗಳು ಒಂದೊಂದಾಗಿ ಬ್ರಾಡ್‌ಗೇಜ್ ಆದುವು. ಇಂದು ಕರ್ನಾಟಕದಲ್ಲಿ ಮೀಟರ್‌ಗೇಜಿನ ಒಂದು ರೈಲೂ ಓಡುವುದಿಲ್ಲ. ನನ್ನ ತರಗತಿಯಲ್ಲಿ ಕುಳಿತಿರುವ ಯಾರೂ ಅದರಲ್ಲಿ ಪ್ರಯಾಣ ಮಾಡಿದವರಲ್ಲ. ಇನ್ನು ಕೆಲವು ವರ್ಷಗಳಾದರೆ, ನಮ್ಮ ಮಾದರಿಯನ್ನು ನೋಡಿ ‘ಹೌದು’ ಎನ್ನಲು ಜನವೇ ಉಳಿಯುವುದಿಲ್ಲ. ಈ ಕೆಲಸಕ್ಕೆ ನಾನು ಆತುರಪಡುವುದು ಅದಕ್ಕಾಗಿಯೇ.

ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿಯ ಅಳತೆಗೆ ‘ಎಚ್‌ಓ’ ಎಂದು ಹೆಸರು. ಅದು ಮೂಲದ ೮೭ನೆಯ ಒಂದು ಪಾಲು. ಲೆಕ್ಕ ಬಹಳ ಸುಲಭ: ಮೂಲದ ಒಂದು ಅಡಿ ಇಲ್ಲಿ ಮೂರೂವರೆ ಮಿಲಿಮೀಟರ್. ಆರಡಿ ಎತ್ತರದ ಗಾರ್ಡು ೨೧ ಮಿಲಿಮೀಟರಿಗೆ ಇಳಿಯುತ್ತಾನೆ. ೧೮ ಅಡಿ ಉದ್ದದ ಮಾಲುಗಾಡಿ ೬೩ ಮಿಲಿಮೀಟರ್ ಆಗಿ ಅಂಗೈಯಲ್ಲಿ ಕೂರುತ್ತದೆ. ಅಡಿ ಅಂಗುಲಗಳ ಲೆಕ್ಕವೇಕೆ ಎನ್ನಬಹುದು. ೧೮೭೦ರಲ್ಲಿ ಲಾರ್ಡ್ ಮೇಯೋನ ಸರ್ಕಾರ, ಭಾರತಕ್ಕೆ ಮೆಟ್ರಿಕ್ ಪದ್ಧತಿ ಬರುವುದೆಂಬ ನಂಬಿಕೆಯಿಂದ ಹಳಿಯ ಅಗಲವನ್ನು ಒಂದು ಮೀಟರ್ ಎಂದು ಗೊತ್ತುಮಾಡಿತು. ಹಳಿ ಮೀಟರಿನದಾಯಿತು, ಮೆಟ್ರಿಕ್ ಪದ್ಧತಿ ಮಾತ್ರ ಬರಲಿಲ್ಲ. ಹಾಗಾಗಿ ಅದರ ಮೇಲೆ ಓಡಿದ ಹಳೆಯ ಗಾಡಿಗಳೆಲ್ಲ ಅಡಿ ಅಂಗುಲದವೇ.

ಒಂದು ಮೀಟರನ್ನು ೮೭ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್ ಬರುತ್ತದೆ. ಪೇಟೆಯಲ್ಲಿ ಸಿಗುವುದು ೧೨ ಮಿಲಿಮೀಟರಿನ ಹಳಿ. ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಇಂದಿಗೂ ಮೀಟರ್‌ಗೇಜಿನ ರೈಲು ಓಡುವುದರಿಂದ, ಅದರ ಮಾದರಿಗಳಿಗೆಂದು ಯೂರೋಪಿನವರು ಈ ಹಳಿಯನ್ನು ತಯಾರಿಸುತ್ತಾರೆ. ಅರ್ಧ ಮಿಲಿಮೀಟರಿನ ವ್ಯತ್ಯಾಸವನ್ನು ಕಣ್ಣು ಕ್ಷಮಿಸುತ್ತದೆ. ಹೀಗೆ ಆಲ್ಪ್ಸ್ ಪರ್ವತಕ್ಕೆಂದು ಹುಟ್ಟಿದ ಹಳಿಯ ಮೇಲೆ ನಮ್ಮ ಅರಸೀಕೆರೆಯ ತೆಂಗಿನಕಾಯಿ ಸಾಗುತ್ತದೆ!

ಅಳತೆ ಗೊತ್ತಾಯಿತು. ಮುಂದಿನ ಕೆಲಸ ಒಂದು ವರ್ಷವನ್ನು ಆರಿಸಿಕೊಳ್ಳುವುದು. ‘ಹಳೆಯ ಕಾಲದ ಗಾಡಿ’ ಎಂಬುದೊಂದು ಗಾಡಿ ಪ್ರಪಂಚದಲ್ಲಿ ಎಲ್ಲಿಯೂ ಇರಲಿಲ್ಲ. ಮೈಸೂರು ರೈಲ್ವೆಯು ೧೯೫೧ರ ಏಪ್ರಿಲ್ ೧೪ರಂದು ಮದರಾಸಿನ ಎರಡು ರೈಲ್ವೆಗಳೊಡನೆ ಸೇರಿ ದಕ್ಷಿಣ ರೈಲ್ವೆಯಾಯಿತು. ಹುಬ್ಬಳ್ಳಿಯಲ್ಲಿ ಕೇಂದ್ರವುಳ್ಳ ನೈಋತ್ಯ ರೈಲ್ವೆ ಆರಂಭವಾದದ್ದು ೨೦೦೩ರಲ್ಲಿ. ಗಾಡಿಯ ಪಕ್ಕದಲ್ಲಿ ಬರೆಯುವ ಎರಡಕ್ಷರದಲ್ಲಿ ಈ ಚರಿತ್ರೆಯೆಲ್ಲ ಅಡಗಿದೆ. ನಾನು ೧೯೬೫ನೆಯ ಇಸವಿಯನ್ನು ಹಿಡಿದೆ. ಎಳೆಯುವುದಕ್ಕೆ ‘ವೈ.ಪಿ.’ ಎಂಬ ಉಗಿ ಎಂಜಿನ್ನು. ನಮ್ಮ ರೈಲ್ವೆಯ ಸಂಕೇತದಲ್ಲಿ ‘ವೈ’ ಎಂದರೆ ಮೀಟರ್‌ಗೇಜ್, ‘ಪಿ’ ಎಂದರೆ ಪ್ರಯಾಣಿಕರದು. ಇಸವಿಯನ್ನು ಗೊತ್ತುಮಾಡಿಕೊಂಡ ಮೇಲೆ ಬಣ್ಣ, ಅಕ್ಷರ, ಎಂಜಿನ್ನು ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಮನೆಪಾಠವಿಲ್ಲ.

ಮೂಲವನ್ನು ಕಣ್ಣಾರೆ ನೋಡಬೇಕಾದರೆ, ೧೯೭೯ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಳತೆಪಟ್ಟಿ, ನೋಟುಪುಸ್ತಕ, ಅಡಿ ಅಡಿಗೂ ಗುರುತು ಮಾಡಿದ ಒಂದು ಕೋಲು—ಇಷ್ಟಿದ್ದರೆ ಸಾಕು. ಅಲ್ಲಿಯವರ ಅನುಮತಿ ಕೇಳಿ, ಕೋಲನ್ನು ಗಾಡಿಗೆ ಒರಗಿಸಿ, ನೇರ ಎದುರಿಗೆ ನಿಂತು ಚಿತ್ರ ತೆಗೆಯಿರಿ. ಓರೆಯಾಗಿ ತೆಗೆದ ಚಿತ್ರ ಗೋಡೆಗೆ ಚೆನ್ನ, ಅಳತೆಗೆ ಬಾರದು. ಆಮೇಲೆ ಮಂಡಿಯೂರಿ ಗಾಡಿಯ ಅಡಿಭಾಗವನ್ನು ನೋಡಿ. ನಿಮ್ಮನ್ನು ಕಂಡು ನಾಲ್ಕು ಜನ ನಗಬಹುದು, ನಗಲಿ.

ಮೈ ಕಟ್ಟುವುದಕ್ಕೆ ಒಂದು ಮಿಲಿಮೀಟರ್ ದಪ್ಪದ ಸ್ಟೈರೀನ್ ಹಾಳೆ ಒಳ್ಳೆಯದು. ಅದನ್ನು ಪೂರ್ತಿ ಕೊಯ್ಯಬೇಕಾಗಿಲ್ಲ. ಚಾಕುವಿನಿಂದ ಎರಡು ಸಲ ಗೀರಿ ಬಗ್ಗಿಸಿದರೆ ಗೀಟಿನ ಗುಂಟ ಮುರಿಯುತ್ತದೆ. ಎರಡು ಪಕ್ಕದ ಗೋಡೆಗಳನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೆ ಗುರುತು ಮಾಡಿ. ಬಾಗಿಲು ಕಿಟಕಿಗಳು ಆಗ ಎದುರುಬದುರಾಗಿ ಬರುತ್ತವೆ. ಮೂಲೆಗಳನ್ನು ಬಡಗಿಯ ಮೂಲೆಮಟ್ಟಕ್ಕೆ ಹಿಡಿದು ಅಂಟಿಸಿ. ಬಾಗಿದ ಛಾವಣಿ ಬೇಕಾದರೆ ಹಾಳೆಯನ್ನು ಒಂದು ಶೀಸೆಗೆ ಸುತ್ತಿ ಕಟ್ಟಿ, ಬಿಸಿನೀರು ಹೊಯ್ದು ತಣಿಯಲು ಬಿಡಿ. ಸ್ಟೈರೀನ್ ಸಿಗದಿದ್ದರೆ ದಪ್ಪನೆಯ ಮದುವೆಯ ಕರೆಯೋಲೆಗೆ, ಬಡಗಿಗಳು ಪಾಲಿಷಿಗೆ ಬಳಸುವ ಅರಗಿನ ದ್ರಾವಣವನ್ನು ಕುಡಿಸಿ ಒಣಗಿಸಿ. ಮರದ ಹಾಗೆ ಗಟ್ಟಿಯಾಗುತ್ತದೆ. ನನ್ನ ಒಂದು ಮಾಲುಗಾಡಿಯ ಒಳಗೋಡೆಯಲ್ಲಿ ಈಗಲೂ ‘ತಾವು ಸಕುಟುಂಬ ಪರಿವಾರ ಸಮೇತರಾಗಿ’ ಎಂಬ ಅಕ್ಷರಗಳಿವೆ. ಕಬ್ಬಿಣದ ತಗಡಿನ ಮೇಲಿನ ರಿವೆಟ್ ಮೊಳೆಗಳಿಗೆ, ತೆಳು ಹಾಳೆಯ ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒತ್ತಿದರೆ ಸಾಕು. ಆದರೆ ಸಾಲು ನೆಟ್ಟಗಿರಬೇಕು. ಒಂದು ಮೊಳೆ ಕಡಿಮೆಯಾದರೆ ಯಾರಿಗೂ ಕಾಣದು, ಸಾಲು ಸೊಟ್ಟಗಾದರೆ ಎಲ್ಲರಿಗೂ ಕಾಣುತ್ತದೆ.

ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ಒಂದೇ ಸಲಕ್ಕೆ ಬಳಿದರೆ ಅಷ್ಟು ಕಷ್ಟಪಟ್ಟು ಮಾಡಿದ ಮೊಳೆಗಳೆಲ್ಲ ಮುಳುಗಿಹೋಗುತ್ತವೆ. ಹೊಳೆಯುವ ಹೊಸ ಗಾಡಿ ಆಟಿಕೆಯಂತೆಯೇ ಕಾಣುವುದರಿಂದ, ಬಣ್ಣವಾದ ಮೇಲೆ ಕೊಳೆ ಹಚ್ಚಬೇಕು. ಇಟ್ಟಿಗೆಯ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಕುಂಚದಿಂದ ಕೆಳಭಾಗಕ್ಕೆ ಹಾಕಿದರೆ ಬ್ರೇಕಿನಿಂದ ಹಾರಿದ ಕಬ್ಬಿಣದ ತುಕ್ಕುಪುಡಿ. ದೀಪದ ಮಸಿಯನ್ನು ಛಾವಣಿಗೆ ಸವರಿದರೆ ಎಂಜಿನ್ನಿನ ಹೊಗೆ. ಪ್ರಯಾಣಿಕರ ಗಾಡಿಯಾದರೆ ಕೆಲವು ಕಿಟಕಿಗಳ ಕೆಳಗೆ ಕೆಂಪು ಕಂದು ಬಣ್ಣದ ಗೆರೆಯೊಂದನ್ನು ಇಳಿಯಬಿಡಿ. ತಾಂಬೂಲದ ಈ ಗುರುತಿಲ್ಲದಿದ್ದರೆ ಗಾಡಿ ಯಾವ ದೇಶದ್ದೆಂದು ಜನ ಸಂಶಯಪಟ್ಟಾರು.

ಇಷ್ಟಾದರೆ ಗಾಡಿ ಬೀರುವಿನಲ್ಲಿ ಇಡಲು ಯೋಗ್ಯವಾಯಿತು. ಆದರೆ ಗಾಡಿ ಓಡಬೇಕು. ಓಟದ ಗುಟ್ಟೆಲ್ಲ ಇರುವುದು ಕಣ್ಣಿಗೆ ಬೀಳದ ಕೆಳಭಾಗದಲ್ಲಿ.

ಮೊದಲನೆಯದು ತೂಕ. ಹಗುರವಾದ ಗಾಡಿ ತಿರುವಿನಲ್ಲಿ ಮಗುಚುತ್ತದೆ. ಭಾರವಾದದ್ದನ್ನು ಎಂಜಿನ್ನು ಎಳೆಯದು. ೧೯೩೫ರಲ್ಲಿ ಸ್ಥಾಪಿತವಾದ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ ಇದಕ್ಕೊಂದು ಸೂತ್ರ ಹೇಳಿದೆ: ಮೂಲತೂಕ ಒಂದು ಔನ್ಸ್, ಅದರ ಮೇಲೆ ಗಾಡಿಯ ಅಂಗುಲ ಒಂದಕ್ಕೆ ಅರ್ಧ ಔನ್ಸ್. ನಮ್ಮ ೬೩ ಮಿಲಿಮೀಟರಿನ ಮಾಲುಗಾಡಿ ಎರಡೂವರೆ ಅಂಗುಲ. ಲೆಕ್ಕ ಹಾಕಿದರೆ ಸುಮಾರು ೬೩ ಗ್ರಾಂ ಬರುತ್ತದೆ. ತೂಕಕ್ಕೆ ಕಬ್ಬಿಣದ ವಾಷರುಗಳನ್ನು ನೆಲಕ್ಕೆ ಹತ್ತಿರವಾಗಿ, ಎರಡು ಅಚ್ಚುಗಳ ನಡುವೆ ಅಂಟಿಸಿ. ಮೇಲೆ ಭಾರವಿಟ್ಟರೆ ಗಾಡಿ ತೂಗಾಡುತ್ತದೆ.

ಎರಡನೆಯದು ನಿಲುವು. ನಾಲ್ಕು ಕಾಲಿನ ಮಣೆ ಹಳ್ಳತಿಟ್ಟಿನ ನೆಲದ ಮೇಲೆ ಕುಂಟುತ್ತದೆ. ಮೂರು ಕಲ್ಲಿನ ಒಲೆಯ ಮೇಲೆ ಮಡಕೆ ಎಂದೂ ಕುಂಟುವುದಿಲ್ಲ. ಗಾಡಿಗೂ ಇದೇ ನ್ಯಾಯ. ನಾಲ್ಕು ಗಾಲಿಯ ಗಾಡಿಯಲ್ಲಿ ಒಂದು ಅಚ್ಚನ್ನು ಸ್ಥಿರವಾಗಿಟ್ಟು, ಇನ್ನೊಂದು ತನ್ನ ನಡುಬಿಂದುವಿನ ಮೇಲೆ ಕೂದಲೆಳೆಯಷ್ಟು ಎಡಬಲಕ್ಕೆ ತೂಗುವಂತೆ ಮಾಡಿ. ಬೋಗಿಯಿರುವ ಉದ್ದನೆಯ ಗಾಡಿಯಲ್ಲಿ ಒಂದು ಬೋಗಿಯ ತಿರುಪನ್ನು ತಿರುಗುವಷ್ಟು ಮಾತ್ರ ಸಡಿಲವಾಗಿಡಿ, ಇನ್ನೊಂದನ್ನು ಎಲ್ಲ ಕಡೆಗೂ ಅಲುಗುವಂತೆ ಬಿಡಿ. ಆಗ ಗಾಡಿ ಮೂರು ಕಲ್ಲಿನ ಮೇಲೆ ಕೂತಂತೆಯೇ.

ಮೂರನೆಯದು ಗಾಲಿ. ರೈಲುಗಾಲಿಯ ಮೈ ಸಮತಟ್ಟಾಗಿಲ್ಲ. ಒಳ ಅಂಚಿನಲ್ಲಿ ಹಿರಿದಾಗಿ, ಹೊರಕ್ಕೆ ಹೋಗುತ್ತ ಕಿರಿದಾಗುತ್ತದೆ. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದಿರುವುದರಿಂದ, ತಿರುವಿನಲ್ಲಿ ಅಚ್ಚು ಹೊರಕ್ಕೆ ಸರಿದಾಗ ಹೊರಗಿನ ಗಾಲಿ ದೊಡ್ಡ ಸುತ್ತಿನಲ್ಲಿಯೂ ಒಳಗಿನದು ಸಣ್ಣ ಸುತ್ತಿನಲ್ಲಿಯೂ ಉರುಳಿ, ಅಚ್ಚು ತಾನೇ ದಾರಿ ಹಿಡಿಯುತ್ತದೆ. ಗಾಲಿಗಳ ನಡುವಿನ ಅಂತರ ಎಲ್ಲ ಅಚ್ಚುಗಳಲ್ಲಿಯೂ ಒಂದೇ ಇರಲಿ. ಅಚ್ಚಿನ ತುದಿಗೆ ಎಣ್ಣೆ ಬೇಡ, ಎಣ್ಣೆ ಧೂಳನ್ನು ಕರೆಯುತ್ತದೆ. ಮೆತ್ತನೆಯ ಪೆನ್ಸಿಲಿನ ಸೀಸದ ಪುಡಿ ಸಾಕು. ಒಂದು ಮೀಟರ್ ಉದ್ದದ ಹಲಗೆಗೆ ಹಳಿ ಹೂಡಿ, ಒಂದು ತುದಿಯನ್ನು ಎರಡು ಸೆಂಟಿಮೀಟರ್ ಎತ್ತಿದಾಗ ಗಾಡಿ ತಾನಾಗಿ ಉರುಳಿದರೆ ಅದು ಪಾಸು. ಕೊನೆಯದಾಗಿ ಕೊಂಡಿ. ಮೀಟರ್‌ಗೇಜಿನ ಗಾಡಿಗೆ ನಡುವೆ ಒಂದೇ ಬಫರು, ಅದರಲ್ಲಿಯೇ ಕೊಕ್ಕೆ. ಎಲ್ಲ ಗಾಡಿಗಳಲ್ಲಿಯೂ ಅದರ ಎತ್ತರ ಒಂದೇ ಇರಬೇಕು. ರಟ್ಟಿನಲ್ಲೊಂದು ಅಚ್ಚು ಕತ್ತರಿಸಿಟ್ಟುಕೊಂಡು ಪ್ರತಿಯೊಂದನ್ನೂ ಪರೀಕ್ಷಿಸಿ.

ಇಷ್ಟೆಲ್ಲ ಬರೆಯುವಾಗ ನನ್ನ ಸೋದರಮಾವನವರ ನೆನಪು ಬಾರದೆ ಇರದು. ಅವರು ಅರಸೀಕೆರೆಯಲ್ಲಿ ಗಾಡಿ ತಪಾಸಣೆಯ ಕೆಲಸದಲ್ಲಿದ್ದು, ಅಲ್ಲಿಗೆ ಬ್ರಾಡ್‌ಗೇಜ್ ಬರುವ ಹೊತ್ತಿಗೆ ನಿವೃತ್ತರಾದವರು. ರೈಲು ನಿಂತೊಡನೆ ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ತಟ್ಟುತ್ತ ಹೋಗುವುದು ಅವರ ಕೆಲಸವಾಗಿತ್ತು. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವಂತೆಯೇ: ಒಳ್ಳೆಯ ಗಾಲಿ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ನುಡಿಯುತ್ತದೆ. ಈಗ ಅವರಿಗೆ ತೊಂಬತ್ತು ಸಮೀಪಿಸಿದೆ. ಐದಾರು ವರ್ಷಗಳಿಂದ ಕಣ್ಣು ಕಾಣುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅವರು ನಮ್ಮ ಮನೆಗೆ ಬಂದಿದ್ದಾಗ ಮಾಲುಗಾಡಿಯೊಂದನ್ನು ಅವರ ಅಂಗೈಯಲ್ಲಿಟ್ಟೆ. ನನ್ನ ಬಣ್ಣ, ನನ್ನ ಇಟ್ಟಿಗೆಯ ಪುಡಿ, ಯಾವುದೂ ಅವರಿಗೆ ಬೇಕಾಗಿರಲಿಲ್ಲ. ಅವರು ಗಾಡಿಯನ್ನು ಬೋರಲು ಮಾಡಿ ಕೆಳಭಾಗದ ಮೇಲೆ ಬೆರಳಾಡಿಸಿದರು. ಸಿಲಿಂಡರು, ಸರಳು, ಬ್ರೇಕಿನ ಕಟ್ಟೆ—ಒಂದೊಂದನ್ನೂ ಮುಟ್ಟಿ, ‘ವ್ಯಾಕ್ಯೂಮ್ ಇರೋ ಗಾಡಿ ಇದು’ ಎಂದರು. ಆ ಬ್ರೇಕಿನ ವಿಚಾರ ನಿಮಗೂ ತಿಳಿದಿರಲಿ: ಉದ್ದಕ್ಕೂ ಹೋದ ಕೊಳವೆಯಲ್ಲಿ ಗಾಳಿಯನ್ನು ತೆಗೆದಿರುವತನಕ ಬ್ರೇಕು ಬಿಟ್ಟಿರುತ್ತದೆ, ಕೊಂಡಿ ಕಳಚಿ ಕೊಳವೆ ಕಿತ್ತರೆ ಗಾಳಿ ನುಗ್ಗಿ, ತಾನಾಗಿಯೇ ಹಿಡಿದುಕೊಳ್ಳುತ್ತದೆ.

‘ಓಡ್ಸಪ್ಪ, ಕೇಳೋಣ’ ಎಂದರು. ಆರು ಗಾಡಿಗಳನ್ನು ಜೋಡಿಸಿ ಓಡಿಸಿದೆ. ಮಾವ ತಲೆ ಬಾಗಿಸಿ ಎರಡು ಸುತ್ತು ಕೇಳಿದರು. ‘ಮೂರನೇದರಲ್ಲಿ ಏನೋ ಸುತ್ಕೊಂಡಿದೆ, ಎಳೀತಿದೆ’ ಎಂದರು. ಎತ್ತಿ ನೋಡಿದರೆ ಅಚ್ಚಿಗೆ ಒಂದು ತಲೆಗೂದಲು ಸುತ್ತಿತ್ತು. ಚಿಮಟದಿಂದ ಅದನ್ನು ತೆಗೆದು ಮತ್ತೆ ಓಡಿಸಿದೆ. ‘ಈಗ ಸರಿ’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ಎಂಜಿನ್ ನೋಡೋದಕ್ಕೆ ಊರೆಲ್ಲ ಬರ್ತಿತ್ತು. ಗಾಡಿ ಕೆಳಗೆ ಬಗ್ಗಿ ನೋಡೋರು ಯಾರೂ ಇರಲಿಲ್ಲ’ ಎಂದರು. ದೂರಿನ ದನಿಯಲ್ಲ, ಸಂಗತಿ ಹೇಳಿದಂತೆ.

ಅಂದಿನಿಂದ ನಾನು ಹೊಸ ಗಾಡಿಯನ್ನು ಕೆಳಗಿನಿಂದಲೇ ಕಟ್ಟಲು ಆರಂಭಿಸುತ್ತೇನೆ. ಮೊದಲು ಅಚ್ಚು ಗಾಲಿ, ಬ್ರೇಕಿನ ಸರಳು. ಅದು ಓಡಿದ ಮೇಲೆ ಗೋಡೆ, ಛಾವಣಿ. ಮಾವನವರು ಹೆಸರು ಹೇಳಿದ ಪ್ರತಿಯೊಂದು ಭಾಗವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಅವರ ಹಾಗೆ ಮೀಟರ್‌ಗೇಜಿನಲ್ಲಿ ದುಡಿದ ಗಾರ್ಡುಗಳು, ಡ್ರೈವರುಗಳು, ಗ್ಯಾಂಗಿನ ಕೂಲಿಗಳು ರೈಲುದಾರಿ ಹಾಯ್ದ ಊರುಗಳಲ್ಲೆಲ್ಲ ಇನ್ನೂ ಒಬ್ಬಿಬ್ಬರು ಇದ್ದಾರೆ.

ವಿದ್ಯಾರ್ಥಿ ಮಿತ್ರರೆ, ನಿಮ್ಮಲ್ಲಿ ಯಾರಿಗಾದರೂ ಈ ಹುಚ್ಚು ಹತ್ತುವುದಾದರೆ ಎಂಜಿನ್ನಿನಿಂದ ತೊಡಗಬೇಡಿ. ಅದಕ್ಕೆ ಹಣ ಬೇಕು, ಅದನ್ನು ಆಮೇಲೆ ಕೊಂಡರಾಯಿತು. ನಾಲ್ಕು ಗಾಲಿಯ ಮಾಲುಗಾಡಿಯೊಂದನ್ನು ಆರಿಸಿಕೊಳ್ಳಿ. ಒಂದು ಇಸವಿಯನ್ನು ಗೊತ್ತುಮಾಡಿಕೊಳ್ಳಿ. ಮೈಸೂರಿಗೆ ಹೋಗಿ ಅಳೆದು ಬನ್ನಿ. ಅಂಟಿಸುವುದಕ್ಕೆ ಮೊದಲು ನಿಮ್ಮೂರಿನಲ್ಲಿ ರೈಲ್ವೆಯಲ್ಲಿದ್ದ ಹಿರಿಯರ ಮನೆ ಹುಡುಕಿ, ನಿಮ್ಮ ನಕ್ಷೆಯನ್ನು ಅವರಿಗೆ ತೋರಿಸಿ. ಹಾಳೆ, ಅಂಟು, ಬಣ್ಣ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತವೆ. ಆ ಹಿರಿಯರ ಬಳಿಗೆ ಮಾತ್ರ ಈ ರಜೆಯಲ್ಲಿಯೇ ಹೋಗಿ ಬನ್ನಿ.