ಈಮ್ ಗ್ರಾಮದ ದೇವಾಲಯ

ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಗುಡ್ಡಗಳ ನಡುವೆ ಈಮ್ ಎಂಬ ಗ್ರಾಮವಿದೆ. ಅಲ್ಲಿಯ ಸಂತ ಲಾರೆನ್ಸನ ಆಂಗ್ಲಿಕನ್ ದೇವಾಲಯಕ್ಕೆ ಮಹಾನಗರಗಳ ಕೆಥೀಡ್ರಲುಗಳ ವೈಭವವಿಲ್ಲ. ಕಲ್ಲಿನ ಗೋಡೆಗಳು, 17ನೆಯ ಶತಮಾನದ ಚೌಕ ಗೋಪುರ. ಒಳಗೆ ಇಸ್ರೇಲಿನ ಹನ್ನೆರಡು ಕುಲಗಳ ಲಾಂಛನಗಳನ್ನು ಬರೆದ, ಬಣ್ಣ ಮಾಸಿದ ಭಿತ್ತಿಚಿತ್ರಗಳು. ಹೊರಗೋಡೆಯಲ್ಲಿ 1775ರ ಬಿಸಿಲುಗಡಿಯಾರ. ಅಂಗಳದಲ್ಲಿ ಕಟ್ಟಡಕ್ಕಿಂತಲೂ ಪ್ರಾಚೀನವಾದ, 8ನೆಯ ಶತಮಾನದ ಕೆತ್ತನೆಯ ಶಿಲುಬೆ. ಅದರ ಕಂಬದ ಒಂದು ತುಂಡು ಎಂದೋ ಕಳೆದುಹೋಗಿದೆ.

ಆದರೆ ಯಾತ್ರಿಕರನ್ನು ಇಲ್ಲಿಗೆ ಸೆಳೆಯುವುದು ಶಿಲ್ಪವಲ್ಲ, ದೇವಾಲಯವು ತನ್ನ ಬಾಗಿಲು ಮುಚ್ಚಿಕೊಂಡ ಕಥೆ.

1665ರಲ್ಲಿ ಲಂಡನ್ನಿನಿಂದ ದರ್ಜಿಯೊಬ್ಬನ ಮನೆಗೆ ಬಂದ ಬಟ್ಟೆಯ ಗಂಟಿನೊಡನೆ ಪ್ಲೇಗು ಊರನ್ನು ಹೊಕ್ಕಿತೆಂದು ಹೇಳುತ್ತಾರೆ. ಸೆಪ್ಟೆಂಬರಿನಲ್ಲಿ ಮೊದಲ ಸಾವು. ಮುಂದಿನ ಬೇಸಿಗೆಗೆ ಪಿಡುಗು ಮತ್ತೆ ಹೆಡೆಯೆತ್ತಿದಾಗ ಜನ ಊರು ಬಿಟ್ಟು ಹೊರಡಲು ಅಣಿಯಾದರು. ಪಾದ್ರಿ ವಿಲಿಯಂ ಮಾಂಪೆಸನ್ ಊರಿಗೆ ಹೊಸಬ. ಇನ್ನೂ ಮೂವತ್ತು ತುಂಬದ ತರುಣ. ಜನರ ವಿಶ್ವಾಸವಿದ್ದುದು ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯ ಮೇಲೆ. ಆಂಗ್ಲಿಕನ್ ಸಭೆಯ ಪ್ರಾರ್ಥನಾಕ್ರಮವನ್ನು ಒಪ್ಪದೆ ಸ್ಥಾನ ಕಳೆದುಕೊಂಡಿದ್ದವನು ಆತ. ಮತಭೇದವನ್ನು ಬದಿಗಿಟ್ಟು ಇಬ್ಬರೂ ಜತೆಯಾಗಿ ನಿಂತರು.

1666ರ ಜೂನ್ ತಿಂಗಳಲ್ಲಿ ಮೂರು ಕಟ್ಟಳೆಗಳಾದವು. ಯಾರೂ ಊರ ಎಲ್ಲೆ ದಾಟಕೂಡದು. ಸತ್ತವರನ್ನು ಅವರವರ ಮನೆಯವರೇ ಮಣ್ಣು ಮಾಡಬೇಕು. ಪ್ರಾರ್ಥನೆ ದೇವಾಲಯದೊಳಗಲ್ಲ, ಕಕ್ಲೆಟ್ ಡೆಲ್ಫ್ ಎಂಬ ಕಣಿವೆಯ ಬಯಲಿನಲ್ಲಿ, ಕುಟುಂಬಗಳು ದೂರ ದೂರ ನಿಂತು. ಹೊರಗಿನವರು ಎಲ್ಲೆಯಲ್ಲಿ ಆಹಾರವಿಟ್ಟು ಹೋಗುತ್ತಿದ್ದರು. ಎಲ್ಲೆಗಲ್ಲಿನ ಕುಳಿಗಳಲ್ಲಿ ವಿನಿಗರಿನಲ್ಲಿ ಅದ್ದಿಟ್ಟ ನಾಣ್ಯಗಳೇ ಅದರ ಬೆಲೆ.

ಆ ಕಟ್ಟಳೆಗೆ ತೆತ್ತ ಬೆಲೆ ಘೋರವಾದುದು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಆಗಸ್ಟಿನ ಎಂಟು ದಿನಗಳಲ್ಲಿ ಪತಿಯನ್ನೂ ಆರು ಮಕ್ಕಳನ್ನೂ ತನ್ನ ಕೈಯಾರೆ ಹೂಳಿದಳು. ಅದೇ ತಿಂಗಳು ಪಾದ್ರಿಯ ಪತ್ನಿ ಕ್ಯಾಥರಿನ್ ತೀರಿಕೊಂಡಳು. ಆಕೆಯ ಸಮಾಧಿ ದೇವಾಲಯದ ಅಂಗಳದಲ್ಲಿಯೇ ಇದೆ. ನವೆಂಬರಿನಲ್ಲಿ ಪಿಡುಗು ಅಡಗುವ ವೇಳೆಗೆ ಮಡಿದವರು ಸುಮಾರು 260 ಮಂದಿ. ನೆರೆಯ ಊರುಗಳು ಮಾತ್ರ ಉಳಿದುಕೊಂಡವು.

ಇಂದಿಗೂ ಪ್ರತಿವರ್ಷ ಆಗಸ್ಟಿನ ಕೊನೆಯ ಭಾನುವಾರ ಊರಿನವರು ಆ ಕಣಿವೆಯಲ್ಲಿ ನೆರೆದು, ತೆರೆದ ಆಕಾಶದ ಕೆಳಗೆ ಅಗಲಿದವರಿಗಾಗಿ ಪ್ರಾರ್ಥಿಸುತ್ತಾರೆ.